ಬಗ್ಗಿ ದಾಟುವ ನೆರಳು

ಮಾಡಗ್ಯಾಳದ ಬೀರವ್ವನಿಗೆ ಕುಂತಲ್ಲಿ ಕುಂತಿರಲು ಬರುತ್ತಿರಲಿಲ್ಲ. ಗಂಡ ಅಮಸಿದ್ದ ಕುರಿ ಹೊಡೆದುಕೊಂಡು ಊರೂರು ತಿರುಗಿದರೆ, ಇವಳು ಎಸ್ಟಿ ಮೋಟಾರು ನಿಲ್ಲುವಲ್ಲಿಂದ ಪೇಟೆಗೆ ಹೋಗುವ ಬೀದಿಯಲ್ಲಿ ಹುರಿದ ಶೇಂಗಾ ಮಾರುತ್ತಿದ್ದಳು. ಕೈ ಬುಟ್ಟಿಯಲ್ಲಿದ್ದರೂ ಕಣ್ಣು ಮಂದಿಯ ಕಾಲಿನ ಮೇಲೆ. ಪಾಟೀಲರ ವಾಡೆಯ ಗೋಡೆ ಬೀದಿಗೆ ನೆರಳು ಹಾಕುತ್ತಿತ್ತು. ಬೇಸಿಗೆಯಲ್ಲಿ ಊರೆಲ್ಲ ಅದಕ್ಕೆ ಮೈ ತಿಕ್ಕಿಕೊಂಡೇ ನಡೆಯುತ್ತಿತ್ತು. ಬೀರವ್ವನ ಬುಟ್ಟಿಯೂ ಅದರ ಬುಡದಲ್ಲೇ.

ಎಪ್ಪತ್ತನೇ ಇಸವಿಯ ಮಳೆಗೆ ಆ ಗೋಡೆ ಕುಸಿದು ಮಣ್ಣಿನ ಗುಡ್ಡೆಯಾಯಿತು. ಮುಂದಿನ ಬೇಸಿಗೆಗೆ ಮಂದಿಯ ಕಾಲು ದಿಕ್ಕು ಬದಲಿಸಿದವು. ಗಟಾರ ಜಿಗಿದು, ಎದುರಿನ ಶ್ರೀಶೈಲಪ್ಪನ ಕಾಳಿನ ಅಂಗಡಿಯ ನೆರಳಿಗೇ ಎಲ್ಲರೂ. ಬೀರವ್ವ ಏಳುವಳು, ಕೂರುವಳು, ಮೂಲೆಗೆ ಹೋಗಿ ಇಣುಕುವಳು. ಹುರಿದದ್ದು ಬುಟ್ಟಿಯಲ್ಲೇ ಮೆತ್ತಗಾಗುತ್ತಿತ್ತು. ಈ ಬೇಸಿಗೆ ಹೀಗೇ ಹೋದರೆ ವ್ಯಾಪಾರ ಬಿಟ್ಟು ಕೂಲಿಗೆ ಹೋಗುವುದೇ ಗತಿ. ಕೊನೆಗೆ ಬುಟ್ಟಿ ಎತ್ತಿಕೊಂಡು ಆಚೆ ನಡೆದಳು.

"ಇಲ್ಲಿ ಬ್ಯಾಡವಾ, ಬುಟ್ಟಿ ಗಿರಾಕಿ ಕಾಲಾಗ ಸಿಗ್ತದ," ಎಂದ ಶ್ರೀಶೈಲಪ್ಪ.

"ಸಿಗ್ಲಿ ಅಂತನ ಬಂದೀನಿ, ಅಣ್ಣಾ!"

ಅವನು ಜಗ್ಗಲಿಲ್ಲ. ಮರುದಿನ ಬೀರವ್ವ ಕುರಿದಡ್ಡಿಯ ನಾಲ್ಕು ಬಿದಿರ ಗಳ ತಂದು, ತನ್ನ ಹಳೆಯ ಜಾಗದಲ್ಲಿ ನೆಟ್ಟು, ಮನೆಯ ಕಂಬಳಿಯನ್ನು ದಾರಿಯ ಮೇಲೆ ಬಿಗಿದಳು. ಗಳ ಗಿಡ್ಡ, ಕಂಬಳಿ ಹೆಗಲಮಟ್ಟಕ್ಕೇ ನಿಂತಿತು.

"ಬೀದಿಗಿ ಚಳಿ ಬಂದದೇನ, ಬೀರವ್ವಾ?" ಎಂದು ನಕ್ಕವರೇ ಬಿಸಿಲು ಏರಿದಂತೆ ಒಬ್ಬೊಬ್ಬರಾಗಿ ಬಗ್ಗಿ ಒಳಗೆ ನುಸುಳಿದರು.

ಶ್ರೀಶೈಲಪ್ಪ ಆಚೆಯಿಂದ ಕೂಗಿದ: "ಇವತ್ತ ಪಾಟೀಲ್ರು ಜತ್ತಿನಿಂದ ಬರ್ತಾರ. ಅವರ ತಲಿಮ್ಯಾಗಿನ ಪಟಗಾಕ್ಕ ತಾಗಿತಂದ್ರ ನಿನ್ನ ಕಂಬಳಿ ಕಿತ್ತ ಒಗಸ್ತಾರ, ನೋಡು!"

ಬೀರವ್ವ ಹಗ್ಗ ಬಿಚ್ಚಲು ಕೈ ಹಾಕಿದಳು, ಬಿಟ್ಟಳು, ಮತ್ತೆ ಹಾಕಿದಳು. ಅಷ್ಟರಲ್ಲಿ ಮೋಟಾರು ಬಂದೇಬಿಟ್ಟಿತು.

ಪಾಟೀಲ ಗುರುಲಿಂಗಪ್ಪನವರು ಕಂಬಳಿಯ ಮುಂದೆ ನಿಂತರು. ಯಾರಿಗೂ ತಲೆ ತಗ್ಗಿಸಿದವರಲ್ಲ. ಆಚೆ ನೋಡಿದರೆ ಅಂಗಡಿ ಮುಂದೆ ಚೀಲದ ಬಂಡಿ ಅಡ್ಡ ನಿಂತಿದೆ. ನೆತ್ತಿ ಸುಡುವ ಬಿಸಿಲು. ಅವರು ಪಟಗಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮುಖ ಬುಟ್ಟಿಯ ಮೇಲೇ ಬಂತು.

"ಬಿಸಿ ಅದಾವೇನ?"

"ಈಗ ಇಳಿಸೀನ್ರಿ, ಯಪ್ಪಾ."

ಶೇಂಗಾದ ಪೊಟ್ಟಣ ಹಿಡಿದು ಆಚೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡ ಪಾಟೀಲರು ನಕ್ಕರು. "ಊರನ್ನೆಲ್ಲಾ ಬಗ್ಗಸ್ತಿಯಲ್ಲ, ಬೀರವ್ವಾ! ನಮ್ಮ ಹಿತ್ತಲದಾಗ ಉದ್ದನ ಗಳ ಅದಾವ, ಒಯ್ದು ಎತ್ತರ ಮಾಡು."

"ಹೂಂನ್ರಿ," ಎಂದಳು ಬೀರವ್ವ. ಆದರೆ ಅವಳ ಕಣ್ಣು ಆಗಲೇ ಕಂಡಿತ್ತು: ನೆಟ್ಟಗೆ ನಡೆಯುವವರ ನೋಟ ಮುಂದೆ ಹೋಗುತ್ತದೆ, ಬಗ್ಗಿದವರ ನೋಟ ಬುಟ್ಟಿಗೆ ಬೀಳುತ್ತದೆ.

ಮರುದಿನ ಹೊತ್ತು ಏರುವ ಮುಂಚೆಯೇ ಉದ್ದನೆಯ ಗಳ ತಂದು ಕುಣಿ ತೋಡತೊಡಗಿದಳು. ತೋಡಿದಳು, ತೋಡಿದಳು.

"ಇನ್ನೆಷ್ಟ ತೋಡ್ತೀ ಬೇ, ನೀರ ಬಂದೀತು!" ಎಂದ ಶ್ರೀಶೈಲಪ್ಪ.

"ಗಾಳಿಗಿ ಬೀಳಬಾರ್ದಲ್ಲೋ, ಅಣ್ಣಾ."

ಗಳ ನೆಟ್ಟು ಕಂಬಳಿ ಬಿಗಿದಾಗ ಅದು ಮತ್ತೆ ಹೆಗಲಮಟ್ಟಕ್ಕೇ ನಿಂತಿತ್ತು. ಬೀರವ್ವ ಕೈಯ ಮಣ್ಣು ಒರೆಸಿಕೊಂಡು, ಬುಟ್ಟಿಯನ್ನು ಒಂದಿಷ್ಟು ಮುಂದಕ್ಕೆ ಸರಿಸಿದಳು.