ಕರಿ ನೂಲಿಗೆ ನಾಲ್ಕು ಕಟ್ಟು

ಮೊನ್ನೆ ಲ್ಯಾಬಿನ ಕೊಳೆ ಪಾತ್ರೆಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿದ್ದೆ. ಆವಿ ಮೂಗಿಗೆ ಬಡಿದದ್ದೇ ತಡ, ನಾನು ಮೈಸೂರಿನಲ್ಲಿರಲಿಲ್ಲ... ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ, ಎದುರುಮನೆ ದೊಡ್ಡವ್ವನ ಹಿತ್ತಿಲಲ್ಲಿದ್ದೆ.

ದೊಡ್ಡವ್ವ ನಮಗೆ ರಕ್ತಸಂಬಂಧಿಯಲ್ಲ. ನೇಯುವವರಿಗೆ ರೇಷ್ಮೆ ನೂಲು ಬೇಯಿಸಿಕೊಡುವುದು ಅವಳ ಕೆಲಸ. ಹಸಿ ರೇಷ್ಮೆಗೆ ಹುಳುವಿನದೇ ಒಂದು ಅಂಟಿರುತ್ತದೆ. ಸೋಪು, ಸೋಡಾ ಹಾಕಿದ ನೀರಿನಲ್ಲಿ ಬೆಂದರೆ ಅದು ಬಿಟ್ಟು, ನೂಲು ಮೆತ್ತಗಾಗಿ ಹೊಳೆಯುತ್ತದೆ. ಒಲೆಯ ಮುಂದೆ ಕೂತ ಅವಳ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು. ನನಗೆ ಮಾತ್ರ ಬೈಗುಳದ ಜೊತೆಗೊಂದು ಕಡ್ಲೆಮಿಠಾಯಿ ಖಾಯಂ.

ಮೂರು ವರ್ಷದ ಹಿಂದೆ ನನ್ನ ಸಂಶೋಧನೆ ಮುಳುಗುವ ಹಂತದಲ್ಲಿತ್ತು. ಡ್ರೋನ್‌ಗಳ ಕಾರ್ಬನ್ ಹಲಗೆಯೊಳಗೆ ಕೂದಲಿಗಿಂತ ಸಣ್ಣ ಕರಿ ಎಳೆಗಳಿರುತ್ತವೆ, ಅವನ್ನು ಗಟ್ಟಿಯಾಗಿ ಹಿಡಿದಿಡುವುದು ಅಂಟು. ಮುರಿದ ಹಲಗೆಯನ್ನು ರಾಸಾಯನಿಕದಲ್ಲಿ ಕುದಿಸಿ, ಅಂಟು ಕರಗಿಸಿ, ಎಳೆಗಳನ್ನು ಮತ್ತೆ ಬಳಸುವಂತೆ ಉದ್ದಕ್ಕೆ ಬಿಡಿಸಬೇಕಿತ್ತು. ಅಂಟೇನೋ ಹೋಗುತ್ತಿತ್ತು; ಎಳೆ ಸಿಕ್ಕುಸಿಕ್ಕಾಗಿ ಬರುತ್ತಿತ್ತು. ತಿಂಗಳೊಳಗೆ ಸರಿಹೋಗದಿದ್ದರೆ ಈ ವಿಷಯವನ್ನೇ ಬಿಟ್ಟುಬಿಡಿ ಎಂದಿದ್ದರು ಗೈಡ್. ಮುಖ ಸಪ್ಪೆ ಮಾಡಿಕೊಂಡು ಊರಿಗೆ ಹೋದವಳು, ಕವರಿನಲ್ಲಿ ಒಯ್ದಿದ್ದ ಒಂದು ಹಿಡಿ ಎಳೆಯನ್ನು ದೊಡ್ಡವ್ವನ ಮುಂದಿಟ್ಟೆ.

“ಇದ್ಯಾವ ಕಾಗೆ ಗೂಡವ್ವಾ?”

ನನ್ನ ಕಷ್ಟವನ್ನೆಲ್ಲ ಹೇಳಿಕೊಂಡೆ.

“ಬೇಯ್ಸಕ್ ಮುಂಚೆ ಕಟ್ಟಿದ್ಯಾ?”

ಕಟ್ಟಿರಲಿಲ್ಲ. ಸಾಲದ್ದಕ್ಕೆ, ಬೇಗ ಕರಗಲೆಂದು ಗಿರಗಿರ ತಿರುಗುವ ಮೆಷಿನ್ ಇಟ್ಟು ಕಲಕಿದ್ದೆ. ಅದನ್ನು ಕೇಳಿ ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಅಷ್ಟೊಂದ್ ಓದ್ಕಂಡು, ನೂಲ್ನ ಮುದ್ದೆ ತಿರುವ್ದಂಗೆ ತಿರುವುದ್ಯಾ?”

ಗೂಟದಿಂದ ರೇಷ್ಮೆಯ ಒಂದು ಲಡಿ ಇಳಿಸಿ, ನಾಲ್ಕು ಕಡೆ ಹತ್ತಿ ದಾರ ಕಟ್ಟಿ ತೋರಿಸಿದಳು, ಒಳಗೆ ಬೆರಳು ತೂರುವಷ್ಟು ಸಡಿಲವಾಗಿ. “ಬಿಗ್ಯಾಗ್ ಕಟ್ಟುದ್ರೆ ಆ ಜಾಗ್ದಲ್ಲಿ ಅಂಟು ಓಗಲ್ಲ ಕಣವ್ವ. ಕೋಲ್ಗೆ ತಗಲಾಕು, ಮೆಲ್ಲುಕ್ ತಿರುಗ್ಸು. ಬೆಂದ್ಮ್ಯಾಲೆ ತಂದ್ ತೋರ್ಸು.”

ಮೈಸೂರಿಗೆ ಬಂದವಳೇ ಮೆಷಿನ್ ಬದಿಗಿಟ್ಟು, ಹಲಗೆಯ ಪಟ್ಟಿಗೆ ನಾಲ್ಕು ಕಡೆ ಸ್ಟೀಲ್ ತಂತಿ ಸುತ್ತಿ ನೇತುಹಾಕಿದೆ. ಸಡಿಲ ಬಿಡಲು ಭಯ, ಬಿಗಿಯಾಗಿಯೇ ಸುತ್ತಿದೆ. ಅಂಟು ಕರಗಿತು, ಎಳೆಗಳು ನೆಟ್ಟಗೆ ಉಳಿದವು. ಕಟ್ಟಿದ ಜಾಗದಲ್ಲಿ ಮಾತ್ರ ಅಂಟು ಹೋಗದೆ ನಾಲ್ಕು ಗಟ್ಟಿ ಗಂಟು... ಅವಳು ಹೇಳಿದ ಹಾಗೆಯೇ. ಗೈಡಿಗೆ ಅಷ್ಟೇ ಸಾಕಾಯಿತು, ನನ್ನ ಕೆಲಸ ಉಳಿಯಿತು. ದೊಡ್ಡವ್ವನಿಗೆ ಇದನ್ನು ತೋರಿಸುವುದು ಹೇಗೆ? ಆ ಬಾಯಿ ಸುಮ್ಮನಿರುತ್ತದೆಯೇ? ಚೆನ್ನಾಗಿ ಬಂದದ್ದನ್ನೇ ಒಯ್ಯೋಣ ಎಂದುಕೊಂಡೆ. ಮುಂದಿನ ವಾರ, ಮುಂದಿನ ತಿಂಗಳು... ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಬೆಳಿಗ್ಗೆ ಒಲೆ ಹಚ್ಚಲು ಹೋದ ದೊಡ್ಡವ್ವ ಹಿತ್ತಿಲಲ್ಲೇ ಕುಸಿದಳಂತೆ. ಮತ್ತೆ ಏಳಲಿಲ್ಲ.

ಈಗ ಕರಿ ನೂಲು ಸೊಗಸಾಗಿ ಬರುತ್ತದೆ. ಗಂಟಿಲ್ಲ, ಸಿಕ್ಕಿಲ್ಲ. ನೋಡಿದವರೆಲ್ಲ ಮೆಚ್ಚುತ್ತಾರೆ. ನನಗೆ ಮಾತ್ರ ಆ ಮೊದಲನೆಯದರದೇ ಕೊರಗು. ಮೈಸೂರಿನಿಂದ ಕೊಳ್ಳೇಗಾಲಕ್ಕೆ ಏನು ಮಹಾ ದೂರ? ಅದನ್ನೇ, ಆ ನಾಲ್ಕು ಗಂಟಿನದನ್ನೇ, ಮಾರನೇ ದಿನ ಬಸ್ಸು ಹತ್ತಿ ಒಯ್ದು ಅವಳ ಕೈಗಿಡಬೇಕಿತ್ತು. ಬೈಯುತ್ತಿದ್ದಳು. ಬೈಸಿಕೊಳ್ಳಬೇಕಿತ್ತು.