ಬೆನ್ನು ಹಾಕಿ ಕೂತ ಅಜ್ಜಿ

ಮೊನ್ನೆ ಸೊಸೆ ಹೊಸ ಕಂಬಳಿ ಬಿಡಿಸಿ ಹಾಸಿದಳು. ಹುಣಸೆಬೀಜದ ಗಂಜಿ ಹಾಕಿ ನೇಯ್ದದ್ದು. ಆ ಗಂಜಿಯ ವಾಸನೆ, ಕುರಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ಲೇಗಿನ ವರ್ಷದ ಗುಡಿಸಲು ಕಣ್ಣ ಮುಂದೆ ಬಂತು...

ಆ ವರ್ಷ ಹಿರಿಯೂರಿನಲ್ಲಿ ಇಲಿ ಸತ್ತು ಬೀಳತೊಡಗಿದಾಗ ನಾವೆಲ್ಲ ಮನೆಗೆ ಬೀಗ ಹಾಕಿ, ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಆದರೂ ನಮ್ಮ ಮಾವನವರು ಉಳಿಯಲಿಲ್ಲ. ನಾಲ್ಕು ಜನ ಬಂದು ಅವರನ್ನು ಎತ್ತಿಕೊಂಡು ಹೋದದ್ದನ್ನು ನನ್ನ ಮಗ ನೋಡಿಬಿಟ್ಟ. ಎರಡು ವರ್ಷ ತುಂಬದ ಕೂಸು, ತಾತನ ತೊಡೆ ಬಿಟ್ಟು ಇಳಿಯದವನು. ಅಂದಿನಿಂದ ಯಾರು ಕೈ ಚಾಚಿದರೂ ಉಸಿರು ಕಟ್ಟುವ ಹಾಗೆ ಚೀರುತ್ತಿದ್ದ. ಕೊನೆಕೊನೆಗೆ ನಾನು ಎತ್ತಿಕೊಳ್ಳಲು ಬಗ್ಗಿದರೂ ಮೂಲೆಗೆ ಹೋಗಿ ಅವಿತುಕೊಳ್ಳುತ್ತಿದ್ದ. ಹೆತ್ತವಳಿಗೆ ಅದಕ್ಕಿಂತ ಸಂಕಟ ಬೇರೆ ಬೇಕೆ?

ಸಮಾಧಾನ ಮಾಡುತ್ತೇವೆಂದು ಬಂದ ಪುಣ್ಯಾತ್ಮರೆಲ್ಲ ಮೊದಲು ಮಾಡುತ್ತಿದ್ದುದೇ ಕೈ ಚಾಚುವ ಕೆಲಸ. ಅವನು ಇನ್ನಷ್ಟು ಕಿರುಚುತ್ತಿದ್ದ. "ಕೂಸು ಬೆಚ್ಚೈತೆ. ಅಮಾಸೆ ದಿನ ಹೊಟ್ಟೆ ಮ್ಯಾಲೆ ಬರೆ ಹಾಕ್ಸಾಣ" ಎಂದು ಅತ್ತೆ ತೀರ್ಮಾನಿಸಿದರು. ಕಾದ ಕಬ್ಬಿಣ ಆ ಎಳೆ ಹೊಟ್ಟೆಗೆ ತಾಗುವುದನ್ನು ನೆನೆದು ರಾತ್ರಿಯೆಲ್ಲ ಎದ್ದು ಕೂತಿದ್ದೆ. ಅತ್ತೆಗೆ ಎದುರಾಡುವ ಕಾಲವಲ್ಲ ಅದು.

ಪಕ್ಕದ ಗುಡಿಸಲಿನಲ್ಲಿ ಕುರಿ ಸಾಕುವವರ ಅಜ್ಜಿಯೊಬ್ಬಳಿದ್ದಳು. ಮಾರನೆಯ ಬೆಳಿಗ್ಗೆ ಉಣ್ಣೆಯ ಬುಟ್ಟಿ ತಂದು, ಒಳಗಿದ್ದ ಮಗುವಿಗೆ ಬೆನ್ನು ಹಾಕಿ ನಮ್ಮ ಬಾಗಿಲಲ್ಲಿ ಕೂತಳು. ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ತನ್ನ ಪಾಡಿಗೆ ನೂಲುತ್ತಿದ್ದಳು. ಇದ್ಯಾವ ಸೀಮೆಯ ಉಪಚಾರ ಎಂದು ನನಗೆ ಸಿಟ್ಟೇ ಬಂತು.

"ತಾಯಿ ಸತ್ತ ಮರಿನ ಹಿಡಿಯಾಕ್ ಹೋದ್ರೆ ಓಡ್ತೈತೆ ಕಣವ್ವ" ಎಂದಳು. "ಬೆನ್ನು ಹಾಕಿ ಕುಂತ್ಕಂಡ್ರೆ ಅದೇ ಬಂದು ಮೂಸ್ತೈತೆ. ನೀನೂ ಕೈಗೊಂದು ಕೆಲ್ಸ ಇಟ್ಕಾ, ಚಾಚಬ್ಯಾಡ."

ದಿನವೂ ಬಂದಳು. ಮಗು ಮೊದಲು ಬುಟ್ಟಿಯ ಉಣ್ಣೆ ಎಳೆಯಿತು, ಆಮೇಲೆ ಅವಳು ಹೊದ್ದ ಕಂಬಳಿಯ ತುದಿ. ಅಮಾವಾಸ್ಯೆಯ ಹಿಂದಿನ ದಿನ ಅವಳ ಬೆನ್ನಿಗೆ ಕೆನ್ನೆ ಒತ್ತಿ, ಮೆಲ್ಲಗೆ ಕೊರಳಿಗೆ ಕೈ ಹಾಕಿತು. ಆಗಲೂ ಅವಳು ತಿರುಗಲಿಲ್ಲ. ಉಪ್ಪುಮೂಟೆ ಹೊತ್ತು ಎದ್ದು ನೇರ ಅತ್ತೆಯ ಮುಂದೆ ಹೋಗಿ ನಿಂತಳು.

"ನೀವೂ ಹಿಂಗೇ ಕುಂತ್ಕಳ್ರಿ ಅಮ್ಮಾರೆ. ಬರೆ ಎಲ್ಲಿಗೂ ಓಡಿ ಹೋಗಲ್ಲ."

ಅತ್ತೆ ಮುಖ ಗಂಟಿಕ್ಕಿಕೊಂಡೇ ಬೆನ್ನು ಹಾಕಿ ಕೂತರು. ಬಹಳ ಹೊತ್ತಾದ ಮೇಲೆ ಮಗ ಅಜ್ಜಿಯನ್ನು ಬಿಟ್ಟು ಇಳಿದು ಬಂದು ಅವರ ಬೆನ್ನಿಗೆ ಒರಗಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬರೆಯ ಮಾತು ಮತ್ತೆ ಬರಲಿಲ್ಲ.

ರೋಗ ಇಳಿದು ನಾವು ಊರೊಳಗೆ ಬಂದೆವು. ಅವಳು ಕುರಿಗಳ ಹಿಂದೆ ಐಮಂಗಲದ ಕಡೆ ಹೊರಟಳು. ಸೀರೆ ಕೊಡಲು ಹೋದರೆ "ಹೊಸ ಸೀರೆ ಉಟ್ಕಂಡು ಕುರಿಗೆ ತೋರ್ಸ್ಲಾ?" ಎಂದು ನಕ್ಕಳು. ಮುಂದೆ ಅವಳ ಕಡೆಯವರು ಸಂತೆಯಲ್ಲಿ ಸಿಕ್ಕಾಗ, ಅಜ್ಜಿ ಇಲ್ಲ ಎಂದರು. ಮನೆಗೆ ಬಂದು ನಾನು ಅತ್ತುಬಿಟ್ಟೆ. ಮಗನಿಗೆ ಎಣ್ಣೆ ಹಚ್ಚುವಾಗಲೆಲ್ಲ ಬರೆಯಿಲ್ಲದ ಆ ಹೊಟ್ಟೆ ನೋಡಿ ಮನಸ್ಸಿನಲ್ಲೇ ಅವಳಿಗೆ ಕೈ ಮುಗಿಯುತ್ತಿದ್ದೆ...

ಮಗನಿಗೆ ಅವಳ ನೆನಪಿಲ್ಲ. ಮುಖವಂತೂ ಇರುವುದಾದರೂ ಹೇಗೆ, ಅವನು ನೋಡಿದ್ದು ಹೆಚ್ಚಾಗಿ ಬೆನ್ನನ್ನೇ. ಮೊನ್ನೆ ಆ ಹೊಸ ಕಂಬಳಿಯ ಮೇಲೆ ಆಡುತ್ತಿದ್ದ ಪುಟ್ಟ ಮೊಮ್ಮಗಳು ಗುಡುಗಿಗೆ ಬೆದರಿ ಚೀರಿದಳು. ಸೊಸೆ ಓಡಿ ಬಂದು ಕೈ ಚಾಚಿದಳು. ಮಗ ಅವಳನ್ನು ತಡೆದ. ಯಾರೂ ಹೇಳಿಕೊಟ್ಟದ್ದಲ್ಲ... ತಾನೇ ಹೋಗಿ, ಮಗುವಿಗೆ ಬೆನ್ನು ಹಾಕಿ ಕೂತ.