ಬರ್ತೀನಿ ಅನ್ನದ ತಮ್ಮ

ತಮ್ಮ ರುದ್ರೇಶ ಅವ್ವನ ಕಾಲಿಗೆ ನಮಸ್ಕರಿಸಿದ, ಚೀಲ ಎತ್ತಿಕೊಂಡ, ಒಂದು ಮಾತೂ ಆಡದೆ ಹೊಸ್ತಿಲು ದಾಟಿದ. ಅವ್ವ ಬಸಲಿಂಗಮ್ಮನ ಮುಖ ಬಿಳಿಚಿಕೊಂಡಿತು. ನಮ್ಮ ಆದೋನಿ ಕಡೆ ಹಾಗೆ ಸುಮ್ಮನೆ ಹೊರಡುವುದು ಸಾವಿನ ಮನೆಯಿಂದ ಮಾತ್ರ. ಉಳಿದ ಕಡೆಯೆಲ್ಲ ‘ಬರ್ತೀನಿ’ ಅನ್ನಲೇಬೇಕು. ನನಗೆ ಸಿಟ್ಟು ನೆತ್ತಿಗೇರಿತು. ರೈಲಿಗೆ ಹೊತ್ತಾಗಿದೆ, ಇವನಿಗೆ ಒಂದು ಮಾತು ಅಷ್ಟು ಭಾರವೇ?

ರುದ್ರೇಶ ನೌಕಾಪಡೆಯ ಅಧಿಕಾರಿ. ಆಫ್ರಿಕದ ಕಡಲತೀರದ ಒಂದು ದೇಶದಲ್ಲಿ, ನಮ್ಮ ರಾಯಭಾರ ಕಚೇರಿಯ ‘ನೇವಲ್ ಅಟ್ಯಾಶೆ’. ಹತ್ತಿ ಮಾರುಕಟ್ಟೆಯ ನನ್ನ ಗೆಳೆಯರು ಅದನ್ನು ಅಟ್ಯಾಚಿ ಎಂದು ಕೇಳಿಸಿಕೊಂಡು, ಪಾಪ, ಸಾಹೇಬರ ಪೆಟ್ಟಿಗೆ ಹೊರುವ ಕೆಲಸವೇನೋ ಅಂದುಕೊಂಡಿದ್ದರು. ನಮ್ಮ ಹಡಗು ಆ ಬಂದರಿಗೆ ಹೋಗಬೇಕೆಂದರೆ ಅಲ್ಲಿನವರ ಜೊತೆ ಕೂತು, ಚಹಾ ಕುಡಿದು, ಒಪ್ಪಿಗೆ ತರುವವನು ಇವನು. ಅವರ ವಿಶ್ವಾಸ ಉಳಿಸಿಕೊಳ್ಳುವುದೇ ಇವನ ಕಸುಬು.

ಹೋದ ವರ್ಷ ಒಂದು ಶುಕ್ರವಾರ ನಮ್ಮ ಹಡಗಿನ ನಾವಿಕನೊಬ್ಬನಿಗೆ ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿತ್ತು. ದಡಕ್ಕಿಳಿಸಿ ಆಸ್ಪತ್ರೆಗೆ ಸೇರಿಸಲು ಬಂದರಿನ ಅಧಿಕಾರಿಯ ಸಹಿ ಬೇಕು. ಆತ ಸೋಮವಾರ ನೋಡೋಣ ಅಂದ. ರುದ್ರೇಶ ಎಷ್ಟು ಬೇಡಿದರೂ ಜಗ್ಗಲಿಲ್ಲ. ಸೋತು ಎದ್ದವನು, ಹುಟ್ಟಿದಂದಿನ ಅಭ್ಯಾಸ ನೋಡಿ, ಇಂಗ್ಲಿಷಿನಲ್ಲಿ “ಐ ವಿಲ್ ಕಮ್” ಅಂದುಬಿಟ್ಟ. ಬರ್ತೀನಿ, ಅಂದರೆ ಹೊರಟೆ ಅಂತ. ಆ ಮನುಷ್ಯ ನಿಜವಾಗಿಯೂ ಬರುತ್ತಾನೆಂದೇ ತಿಳಿದ.

ರುದ್ರೇಶ ಕಚೇರಿಗೆ ಮರಳಿ ಕಂಡಕಂಡವರಿಗೆ ಫೋನು ಮಾಡುತ್ತಿದ್ದ. ಸಂಜೆ ಆ ಅಧಿಕಾರಿಯದೇ ಫೋನು ಬಂತು. ಬರುತ್ತೇನೆ ಎಂದಿರಲ್ಲ, ಎಲ್ಲರೂ ಹೋದರು, ನಾನೊಬ್ಬನೇ ಬಾಗಿಲು ತೆರೆದು ಕೂತಿದ್ದೇನೆ ಅಂದನಂತೆ. ತಮ್ಮ ಎದ್ದುಬಿದ್ದು ಓಡಿದ. ಅಷ್ಟು ಹೊತ್ತು ಕಾದವನು ಇಲ್ಲ ಅನ್ನಲಾರದೆ ಸಹಿ ಹಾಕಿದ. ನಾವಿಕ ಬದುಕಿದ. ಸುಮ್ಮನೆ ಅಂದ ಮಾತಿಗೆ ಒಬ್ಬ ಕಾದು ಕೂತನಲ್ಲ ಎಂದು, ಅಂದಿನಿಂದ ಇವನಿಗೆ ಆ ಮಾತೆಂದರೆ ಹೆದರಿಕೆ.

ಇದನ್ನೆಲ್ಲ ತಮ್ಮ ಹೇಳಿದ್ದು ಆವತ್ತು, ಹೊರಟವನು ಹೊಸ್ತಿಲಾಚೆ ನಿಂತು, ತಲೆ ತಗ್ಗಿಸಿಕೊಂಡು.

“ಮುಂದಿನ ಸಲ ಯಾವಾಗ ಬರ್ತೀನೋ ನನಗ ಗೊತ್ತಿಲ್ಲವ್ವ. ಸುಮ್ನ ಅಂದು ನಿನ್ನ ಹೆಂಗ ಕಾಯಿಸ್ಲಿ?”

ಅವ್ವ ಅವನ ಚೀಲದ ಪಟ್ಟಿ ಹಿಡಿದುಕೊಂಡಳು.

“ಯಾವಾಗ ಅಂತ ನಾ ಕೇಳೀನೇನು? ನೀ ಬರ್ತೀನಿ ಅನ್ನು. ಕಾಯಾದು ನನ್ನ ಕೆಲಸ.”

“ಬರ್ತೀನವ್ವ,” ಅಂದ.

ಅವ್ವ ಪಟ್ಟಿ ಬಿಟ್ಟಳು.